ಸಾಸುಕೆ ಸಿಗದ ಎಂಬತ್ತು ವಾರಗಳು

‘ನರುಟೊ’ ನೋಡುವುದನ್ನು ನೀವು ಎಷ್ಟನೆಯ ಕಂತಿನಲ್ಲಿ ಕೈಬಿಟ್ಟಿರಿ? ನನ್ನ ಅಕ್ಕನ ಮಗ ಬಿಟ್ಟದ್ದು 151ರಲ್ಲಿ. ಅಲ್ಲಿಯವರೆಗೆ ಊಟದ ತಟ್ಟೆ ಹಿಡಿದುಕೊಂಡೇ ಟೀವಿಯ ಮುಂದೆ ಕೂರುತ್ತಿದ್ದವನು, ‘ಮಾಮಾ, ಇವರು ನಮ್ಮನ್ನ ಮಂಗ ಮಾಡ್ತಿದ್ದಾರೆ’ ಎಂದು ಎದ್ದು ಹೋದ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಯಾವುದರ ಮೇಲೆ ಸಿಟ್ಟಾಗಬೇಕು ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ನೆನಪು ಮಾಡಿಕೊಳ್ಳಿ. ಊರು ಬಿಟ್ಟು ಹೊರಟ ಸಾಸುಕೆಯನ್ನು ಕರೆತಂದೇ ತರುತ್ತೇನೆಂದು ನರುಟೊ ಸಕುರಾಳಿಗೆ ಮಾತು ಕೊಟ್ಟಿದ್ದ. ಜಲಪಾತದ ಬಳಿ ಗೆಳೆಯರಿಬ್ಬರೂ ಹೊಡೆದಾಡಿದರು. ಸಾಸುಕೆ ಹೋಗಿಯೇ ಬಿಟ್ಟ. 135ನೇ ಕಂತಿನಲ್ಲಿ ನರುಟೊ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾನೆ, ಕೊಟ್ಟ ಮಾತು ಉಳಿದಿಲ್ಲ. ಕಾರ್ಟೂನು ಎಂದರೆ ಮೂಗು ಮುರಿಯುವ ದೊಡ್ಡವರನ್ನು ಈ ಒಂದು ಕಂತಿಗೆ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮುಂದೇನಾಗುತ್ತದೋ ಎಂದು ಕಾದವರಿಗೆ ಸಿಕ್ಕಿದ್ದೇನು? 136ರಿಂದ 219ರವರೆಗೆ, ನಡುವಿನ ಒಂದೆರಡು ತುಣುಕು ಬಿಟ್ಟರೆ, ಬರೀ ಫಿಲ್ಲರ್. ಜಪಾನಿನ ಪ್ರೇಕ್ಷಕರು ಒಂದೂವರೆ ವರ್ಷಕ್ಕೂ ಮೇಲೆ ಇದನ್ನು ವಾರವಾರ ಸಹಿಸಿಕೊಂಡರು. ನೀವು ಒಂದು ರಜೆಯಲ್ಲಿ ದಾಟಿಬಿಟ್ಟಿದ್ದರೆ ಪುಣ್ಯವಂತರು.

ಹೀಗಾಗಲು ಕಾರಣ ಸಣ್ಣದೊಂದು ಲೆಕ್ಕ. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ಬರೆದ ಮಾಂಗಾ ಇದರ ಮೂಲ. ವಾರಕ್ಕೆ ಒಂದು ಅಧ್ಯಾಯ, ಸುಮಾರು ಇಪ್ಪತ್ತು ಪುಟ. 2002ರ ಅಕ್ಟೋಬರಿನಲ್ಲಿ ಸ್ಟುಡಿಯೋ ಪಿಯರೊ ಇದನ್ನು ಟೀವಿಗೆ ತಂದಾಗ ಮೂರು ವರ್ಷದ ದಾಸ್ತಾನು ಕೈಯಲ್ಲಿತ್ತು. ಆದರೆ ಒಂದು ಕಂತು ಹೆಚ್ಚುಕಡಿಮೆ ಎರಡು ಅಧ್ಯಾಯ ತಿಂದುಹಾಕುತ್ತದೆ. 238 ಅಧ್ಯಾಯಗಳ ಮೊದಲ ಭಾಗ 135 ಕಂತಿಗೆ ಖಾಲಿಯಾಯಿತು. ಕಣಜ ಬರಿದಾಯಿತೆಂದು ವಾರದ ಆ ಹೊತ್ತನ್ನು ಬಿಟ್ಟುಕೊಡಲು ಯಾರು ಸಿದ್ಧರಿರುತ್ತಾರೆ? ಯಕ್ಷಗಾನದಲ್ಲಿ ಮುಖ್ಯ ವೇಷ ಇನ್ನೂ ಚೌಕಿಯಲ್ಲಿ ಕಿರೀಟ ಕಟ್ಟಿಕೊಳ್ಳುತ್ತಿರುವಾಗ ಹಾಸ್ಯಗಾರ ರಂಗಕ್ಕೆ ಬಂದು ಹೊತ್ತು ಕಳೆಯುವುದುಂಟಲ್ಲ, ಹಾಗೆ. ಹತ್ತು ನಿಮಿಷವಾದರೆ ಚಂದ. ಬೆಳಗಿನ ಜಾವದವರೆಗೂ ಅವನೊಬ್ಬನೇ ಆದರೆ?

ಈಗ ನಮ್ಮ ಹುಡುಗ ಎದ್ದುಹೋದ ಕಂತಿಗೆ ಬರೋಣ. 148ರಿಂದ 151ರವರೆಗಿನ ಕಥೆ ‘ಬಿಕೋಚು’ ಎಂಬ ಅಪರೂಪದ ಹುಳದ ಹುಡುಕಾಟ. ವಾಸನೆ ಹಿಡಿದು ಯಾರನ್ನಾದರೂ ಪತ್ತೆಹಚ್ಚಬಲ್ಲ ಹುಳ. ಅದು ಸಿಕ್ಕರೆ ಸಾಸುಕೆ ಸಿಕ್ಕ ಹಾಗೆಯೇ. ನರುಟೊ, ಹಿನಾಟಾ, ಕಿಬಾ, ಶಿನೊ ಕಾಡು ಹೊಕ್ಕು, ಶತ್ರುಗಳೊಂದಿಗೆ ಹೋರಾಡಿ, ಅಂತೂ ಹುಳ ಕೈಗೆ ಬರುತ್ತದೆ. ಕೊನೆಗೆ ಏನಾಗುತ್ತದೆ? ನರುಟೊ ಹೂಸು ಬಿಡುತ್ತಾನೆ. ಹುಳದ ಉಪಯೋಗ ಅಲ್ಲಿಗೆ ಮುಗಿಯಿತು.

ನಗಬಾರದೆಂದಲ್ಲ, ನಾನೂ ನಕ್ಕೆ. ಆದರೆ ಮಾತು ಉಳಿಸಿಕೊಳ್ಳಲಾಗದೆ ಹಾಸಿಗೆ ಹಿಡಿದ ಹುಡುಗನನ್ನು ನೋಡಿ ಗಂಟಲು ಕಟ್ಟಿದವರಿಗೆ, ಅದೇ ಮಾತನ್ನು ಮುಂದಿಟ್ಟು ಆಸೆ ಹುಟ್ಟಿಸಿ, ಹೂಸಿನಲ್ಲಿ ಮುಗಿಸಿದರೆ ಹೇಗೆ? ಸಾಸುಕೆ ಸಿಗುವಂತೆಯೇ ಇರಲಿಲ್ಲ. ಸಿಗಬೇಕಾದರೆ ಕಿಶಿಮೊಟೊ ಬರೆಯಬೇಕು. ಫಿಲ್ಲರ್ ಬರೆಯುವವನು ಬಾಡಿಗೆ ಮನೆಯವನ ಹಾಗೆ, ಗೋಡೆಗೆ ಒಂದು ಮೊಳೆ ಹೊಡೆಯುವಂತಿಲ್ಲ. ಮುಖ್ಯ ಪಾತ್ರಗಳನ್ನು ಸಾಯಿಸುವಂತಿಲ್ಲ, ಕೂಡಿಸುವಂತಿಲ್ಲ, ಬಿಟ್ಟುಹೋಗುವಾಗ ಮನೆ ಮೊದಲಿದ್ದ ಹಾಗೆಯೇ ಇರಬೇಕು. ಇದು ಗೊತ್ತಿದ್ದೂ ‘ಸಾಸುಕೆ ಸಿಗಬಹುದು’ ಎಂದು ನಂಬಿಸಿದ್ದೇ ತಪ್ಪು.

ಆದ್ದರಿಂದ, ಮಾಂಗಾದಲ್ಲಿ ಇಲ್ಲದ್ದೆಲ್ಲ ಕಸ ಎಂದು ನೀವು ಹೇಳಿದರೆ ನಾನು ಒಪ್ಪುವುದಿಲ್ಲ. 101ನೇ ಕಂತೂ ಫಿಲ್ಲರೇ. ಗುರು ಕಕಾಶಿಯ ಮುಖವಾಡದ ಹಿಂದೆ ಏನಿದೆ ಎಂದು ಶಿಷ್ಯರು ಮೂವರೂ ದಿನವಿಡೀ ಒದ್ದಾಡುತ್ತಾರೆ. ಕಡೆಗೆ ಮುಖವಾಡ ತೆಗೆದರೆ ಒಳಗೆ ಇನ್ನೊಂದು ಮುಖವಾಡ! ಅಲ್ಲಿಯೂ ಏನೂ ಸಿಗುವುದಿಲ್ಲ, ಆದರೂ ಮೋಸಹೋದೆವು ಅನಿಸುವುದಿಲ್ಲ. ಕೇಳಿದ್ದು ಚಿಕ್ಕದು, ಸಿಕ್ಕಿದ್ದು ನಗು. ‘ಒನ್ ಪೀಸ್’ನ 196ರಿಂದ 206ರವರೆಗಿನ ಜಿ-8 ಕಥೆಯೂ ಅಷ್ಟೆ. ಆಕಾಶದ್ವೀಪದಿಂದ ಇಳಿದ ಕಡಲ್ಗಳ್ಳರ ಹಡಗು ನೇರ ನೌಕಾಪಡೆಯ ಕೋಟೆಯೊಳಗೇ ಬೀಳುತ್ತದೆ. ಹೊರಬರುವುದೊಂದೇ ಅವರ ಮುಂದಿರುವ ಕೆಲಸ. ಅಡುಗೆಯವ ಸಾಂಜಿ ಶತ್ರುಗಳ ಅಡುಗೆಮನೆಯಲ್ಲೇ ಸೌಟು ಹಿಡಿಯುತ್ತಾನೆ. ಕೋಟೆಯ ಅಧಿಕಾರಿ ಗಾಳ ಹಾಕುತ್ತ ಕೂತೇ ಅವರ ಲೆಕ್ಕಾಚಾರ ಊಹಿಸುತ್ತಾನೆ. ಮೂಲ ಕಥೆ ಒಂದಂಗುಲವೂ ಕದಲುವುದಿಲ್ಲ, ಹನ್ನೊಂದು ಕಂತು ಮುಗಿದದ್ದೇ ತಿಳಿಯುವುದಿಲ್ಲ.

ಹಾಗೆ ನೋಡಿದರೆ ಆ ಹುಳದ ಕಥೆಯಲ್ಲೂ ಒಂದು ರಾತ್ರಿ ಇದೆ. ಜಲಪಾತದಡಿ ನೀರಿನ ಮೇಲೆ ಕುಣಿಯುವ ಹುಡುಗಿಯೊಬ್ಬಳನ್ನು ನರುಟೊ ದೂರದಿಂದ ನೋಡುತ್ತಾನೆ. ಅವಳು ಹಿನಾಟಾ, ಅವನಿಗೆ ಗುರುತೇ ಸಿಗುವುದಿಲ್ಲ. ಮೂಲದಲ್ಲಿ ಇದೂ ಇಲ್ಲ.

ಈಚಿನ ಧಾರಾವಾಹಿಗಳು ಹನ್ನೆರಡೋ ಇಪ್ಪತ್ತನಾಲ್ಕೋ ಕಂತು ಮಾಡಿ ಬಿಡುವು ಕೊಡುತ್ತವೆ, ಮಾಂಗಾ ಮುಂದೆ ಹೋಗುವವರೆಗೆ ಕಾಯುತ್ತವೆ. ‘ಡೀಮನ್ ಸ್ಲೇಯರ್’ ನೋಡಿ ಬೆಳೆದ ನಿಮ್ಮ ತಮ್ಮ ತಂಗಿಯರಿಗೆ ಫಿಲ್ಲರಿನ ಕಾಟ ಅಷ್ಟಾಗಿ ತಿಳಿಯದು.

ನೀವು ನಡುವೆ ಬಿಟ್ಟವರಾದರೆ ಹೀಗೆ ಮಾಡಿ: 135 ಮುಗಿದ ಮೇಲೆ ನೇರ 220ಕ್ಕೆ ಹೋಗಿ. ಅಲ್ಲಿ ನರುಟೊ ಜಿರಾಯಾನ ಜೊತೆ ಊರು ಬಿಡುತ್ತಾನೆ, ಕಥೆ ಮತ್ತೆ ಉಸಿರಾಡುತ್ತದೆ. ಅಕ್ಕನ ಮಗ ಹಾಗೆಯೇ ಮಾಡಿ ಮುಗಿಸಿ, ಈಗ ‘ಒನ್ ಪೀಸ್’ ಹಿಡಿದಿದ್ದಾನೆ. ಮೊನ್ನೆ ಫೋನು ಮಾಡಿದಾಗ 190 ದಾಟಿದ್ದ. ಫಿಲ್ಲರ್ ಪಟ್ಟಿ ನೋಡಿಕೊಂಡೇ ಮುಂದೆ ಹೋಗುತ್ತೇನೆ ಎಂದ. 196 ಬಂದಾಗ ಆ ಪಟ್ಟಿಯನ್ನು ಮಡಚಿಡು ಎಂದಿದ್ದೇನೆ.