ಪಯಣಿಗನೂ ಸೊಳ್ಳೆಯೂ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಪರೀಕ್ಷೆಗೆಂದು ಬಂದ ಪುಣೆಯ ವಿಜ್ಞಾನಿಗಳಿಗೆ ಮೊದಲು ಮೂಡಿದ ಶಂಕೆ, ಹಳದಿ ಜ್ವರ ಕಡಲು ದಾಟಿ ಬಂದಿರಬಹುದೇ ಎಂಬುದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರಕ್ಕೆ ಮಂಗಗಳು ಹೀಗೆಯೇ ಬಲಿಯಾಗುತ್ತವೆ. ಇಲ್ಲಿ ಸಿಕ್ಕಿದ್ದು ಉಣುಗಿನಿಂದ ಹರಡುವ ಬೇರೆಯೇ ವೈರಾಣು. ಅದೇ ನಮ್ಮ ಹೊನ್ನಾವರ, ಸಿದ್ದಾಪುರಗಳೂ ಬಲ್ಲ ಮಂಗನ ಕಾಯಿಲೆ. ಶಂಕೆ ಸುಳ್ಳಾಯಿತು, ಆದರೆ ಅದು ನಿರಾಧಾರವಾಗಿರಲಿಲ್ಲ. ಹಳದಿ ಜ್ವರವನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಇಲ್ಲದಿರುವುದು ವೈರಾಣು ಮಾತ್ರ.

ಈ ಸೊಳ್ಳೆ ದೂರ ಹಾರುವ ಪ್ರಾಣಿಯಲ್ಲ. ಹುಟ್ಟಿದೆಡೆಯಿಂದ ಕೆಲವು ನೂರು ಮೀಟರುಗಳ ಆಚೆಗೆ ಅದು ಹೋಗುವುದೇ ಅಪರೂಪ. ಹಿಂದೆ ಹಾಯಿಹಡಗುಗಳ ನೀರಿನ ಪೀಪಾಯಿಗಳಲ್ಲಿ ಸೇರಿಕೊಂಡು ಆಫ್ರಿಕದಿಂದ ಲೋಕಸಂಚಾರ ಮಾಡಿತು. ಇಂದು ವಿಮಾನವೇರಿದ ಮನುಷ್ಯನ ರಕ್ತದಲ್ಲಿ ವೈರಾಣುವೇ ಸಂಚರಿಸುತ್ತದೆ. ಡೆಂಗೀ, ಚಿಕೂನ್‌ಗುನ್ಯಾ ತಗುಲಿದವನ ರಕ್ತದಲ್ಲಿ ಜ್ವರದ ಮೊದಲ ಐದಾರು ದಿನ ವೈರಾಣು ತುಂಬಿರುತ್ತದೆ. ಆಗ ಅವನನ್ನು ಕಚ್ಚಿದ ಊರ ಸೊಳ್ಳೆ ಕೆಲವು ದಿನಗಳಲ್ಲಿ ತಾನೇ ರೋಗವಾಹಕವಾಗಿ, ಬದುಕಿರುವಷ್ಟು ಕಾಲವೂ ರೋಗವನ್ನು ಬಿತ್ತುತ್ತದೆ.

ಇದಕ್ಕೆ ನಿದರ್ಶನ ಚಿಕೂನ್‌ಗುನ್ಯಾ. ಹೆಸರು ಟಾಂಜಾನಿಯದ ಮಾಕೊಂಡೆ ಭಾಷೆಯದು. ನೋವಿಗೆ ಮೈ ಬಾಗಿಹೋಗುವುದೆಂದು ಅರ್ಥ. 2004ರಲ್ಲಿ ಕೆನ್ಯಾದ ಕರಾವಳಿಯಲ್ಲಿ ಎದ್ದ ಈ ಜ್ವರ, ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾದು ಭಾರತವನ್ನು ಮುಟ್ಟಿತು. 2006ರಲ್ಲಿ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. 1963ರ ಕಲ್ಕತ್ತೆಯ ಪಿಡುಗಿನ ವೈರಾಣು ಏಷ್ಯದ ವಂಶದ್ದು. ಇದಾದರೋ ಆಫ್ರಿಕದ ವಂಶದ್ದು. ಬಂದ ದಾರಿ ಹೀಗೆ ತಿಳಿಯಿತು. ಮರುವರ್ಷ ದಾರಿ ತಿರುವುಮುರುವಾಯಿತು: ಭಾರತದಿಂದ ಹೋದ ಒಬ್ಬ ಪ್ರಯಾಣಿಕನಿಂದ ಇಟಲಿಯ ಹಳ್ಳಿಗಳಲ್ಲಿ ಸುಮಾರು 200 ಜನ ಹಾಸಿಗೆ ಹಿಡಿದರು.

ನಮಗೆ ಇದು ದೂರದ ಮಾತಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳಿಂದ ಅರಬರ ನಾಡುಗಳಿಗೆ ಹೋಗಿಬರುವವರು ಬಹಳ. ಜೆಡ್ಡಾ, ಮೆಕ್ಕಾಗಳಲ್ಲಿ ಡೆಂಗೀ ಉಂಟು. ಆಫ್ರಿಕದ ಹಳದಿ ಜ್ವರದ ದೇಶಗಳಿಗೆ ಹೋಗುವವರು ಪಯಣಕ್ಕೆ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಅದಿಲ್ಲದೆ ಅಲ್ಲಿಂದ ಮರಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿರಿಸುವ ನಿಯಮ ಕಠೋರವೆನಿಸಬಹುದು. ಆದರೆ ಆ ಸೋಂಕು ತಲೆಯೆತ್ತಲು ಬೇಕಾಗುವ ಅವಧಿಯೇ ಅಷ್ಟು.

ಕಾಗಾಲದಂಥ ಊರಿನಲ್ಲಿ ಅಘನಾಶಿನಿಯ ಗಜನಿಯ ಉಪ್ಪುನೀರನ್ನು ದೂರಿ ಫಲವಿಲ್ಲ. ಈಡಿಸ್‌ಗೆ ಬೇಕಾದದ್ದು ಅಂಗಳದ ತಿಳಿನೀರು: ತೊಟ್ಟಿ, ತೆಂಗಿನ ಗೆರಟೆ, ಬಿದ್ದ ಅಡಿಕೆ ಹಾಳೆ, ಹಳೆಯ ಟಯರು. ವಾರಕ್ಕೊಮ್ಮೆ ಇವನ್ನು ಬರಿದುಮಾಡಿದರೆ ಮರಿಹುಳು ಸೊಳ್ಳೆಯಾಗದು. ಅದು ಕಚ್ಚುವುದು ಹಗಲಿನಲ್ಲಿ. ಆದ್ದರಿಂದ ಪರದೇಶದಿಂದ ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ, ಹೋಗಿಬಂದ ನಾಡಿನ ಹೆಸರನ್ನು ವೈದ್ಯರಿಗೆ ತಿಳಿಸಬೇಕು. ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಬೇಕು. ಆ ಪರದೆ ರೋಗಿಗಿಂತ ಹೆಚ್ಚಾಗಿ ನೆರೆಮನೆಯ ಮಕ್ಕಳನ್ನು ಕಾಯುತ್ತದೆ.