ನಿಸ್ತಂತು ದೀಪಗಳೂ ಅವುಗಳ ಸಂಕೇತಗಳೂ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಅನಂತರ ಕ್ರಮೇಣ ನಮ್ಮ ಮನೆಗಳನ್ನು ಪ್ರವೇಶಿಸಿದ ವಿದ್ಯುದ್ದೀಪಕ್ಕೆ ಯಾರೂ ವಿಶೇಷವಾಗಿ ಗಮನಿಸದ ಒಂದು ಸದ್ಗುಣವಿತ್ತು. ಬಲ್ಬನ್ನು ಮಾಡಿದವರು ಯಾರೇ ಆಗಿರಲಿ, ಹೋಲ್ಡರನ್ನು ಮಾಡಿದವರು ಯಾರೇ ಆಗಿರಲಿ, ಒತ್ತಿ ತಿರುಗಿಸಿದರೆ ಒಂದು ಇನ್ನೊಂದರಲ್ಲಿ ಕುಳಿತುಕೊಳ್ಳುತ್ತಿತ್ತು. ಸ್ವಿಚ್ಚನ್ನು ಹಾಕಿದರೆ ದೀಪ ಹತ್ತುತ್ತಿತ್ತು. ತಯಾರಕರು ತಮ್ಮತಮ್ಮೊಳಗೆ ಸ್ಪರ್ಧಿಗಳಾಗಿದ್ದರೂ ಅಳತೆಯ ವಿಷಯದಲ್ಲಿ ಏಕಾಭಿಪ್ರಾಯವುಳ್ಳವರಾಗಿದ್ದರು. ಆ ಒಡಂಬಡಿಕೆಯ ಫಲವನ್ನು ಗೃಹಸ್ಥನು ಏನೂ ಕಲಿಯದೆಯೇ ಅನುಭವಿಸುತ್ತಿದ್ದನು.

ಈಗ ಪೇಟೆಯಲ್ಲಿ ಬೇರೊಂದು ಜಾತಿಯ ದೀಪಗಳು ಬಂದಿವೆ. ಇವನ್ನು ‘ಸ್ಮಾರ್ಟ್’ ದೀಪಗಳೆಂದು ಕರೆಯುತ್ತಾರೆ. ಮೊಬೈಲಿನಿಂದಾಗಲಿ, ಬಾಯಿಮಾತಿನಿಂದಾಗಲಿ ಇವನ್ನು ಹೊತ್ತಿಸಬಹುದು, ನಂದಿಸಬಹುದು, ಮಂದಗೊಳಿಸಬಹುದು, ಬಣ್ಣ ಬದಲಾಯಿಸಬಹುದು. ಹಾಸಿಗೆ ಹಿಡಿದ ವೃದ್ಧರಿಗೂ, ರಾತ್ರಿ ಎದ್ದು ಗೋಡೆಯನ್ನು ತಡವರಿಸಲಾರದವರಿಗೂ ಇವು ನಿಜವಾಗಿ ಉಪಕಾರಿಗಳೇ. ಆದರೆ ಹಳೆಯ ಬಲ್ಬಿಗಿದ್ದ ಸದ್ಗುಣವು ಇವುಗಳಿಗೆ ಹುಟ್ಟಿನಿಂದ ಬಂದಿಲ್ಲ. ಒಂದು ಕಂಪನಿಯ ದೀಪವು ಮತ್ತೊಂದು ಕಂಪನಿಯ ಯಂತ್ರದ ಮಾತನ್ನು ಕೇಳದೆ ಹೋಗುವುದು ಇಲ್ಲಿ ಸಾಮಾನ್ಯ. ಆದುದರಿಂದ ಇಂಥ ದೀಪವನ್ನು ಕೊಳ್ಳುವಾಗ ತಯಾರಕರ ಹೆಸರಿಗಿಂತ ಮೊದಲು ವಿಚಾರಿಸಬೇಕಾದುದು ದೀಪದ ಸಂಕೇತವನ್ನು ಎಂಬುದೇ ಈ ಲೇಖನದ ತಾತ್ಪರ್ಯ.

ಸಂಕೇತವೆಂಬ ಶಬ್ದವನ್ನು ಇಲ್ಲಿ ಬಳಸಿರುವುದಕ್ಕೆ ಕಾರಣವುಂಟು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸ್ವಭಾವಸಿದ್ಧವಲ್ಲ, ಈ ಶಬ್ದಕ್ಕೆ ಇದೇ ಅರ್ಥವೆಂಬ ಸಂಕೇತದಿಂದ ಆದುದು ಎಂದು ನಮ್ಮ ನೈಯಾಯಿಕರು ಹೇಳುತ್ತಾರೆ. ಮೀಮಾಂಸಕರು ಇದನ್ನು ಒಪ್ಪದೆ ಆ ಸಂಬಂಧವು ನಿತ್ಯವೆಂದು ವಾದಿಸಿದರು. ದೀಪಗಳ ವಿಷಯದಲ್ಲಂತೂ ನೈಯಾಯಿಕರ ಪಕ್ಷವೇ ಗೆದ್ದಿದೆ. ‘ಹತ್ತು’ ಎಂಬ ಆಜ್ಞೆಯು ಗಾಳಿಯಲ್ಲಿ ಯಾವ ರೂಪದಲ್ಲಿ ಬರಬೇಕೆಂಬುದನ್ನು ಕಳುಹಿಸುವ ಯಂತ್ರವೂ ಕೇಳುವ ದೀಪವೂ ಮೊದಲೇ ಒಪ್ಪಿಕೊಂಡಿರಬೇಕು. ಒಪ್ಪದಿದ್ದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಕತ್ತಲೆಯೇ ಗತಿ.

ಈ ಹೊಂದಾಣಿಕೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿ ನೋಡಿದರೆ ತಿಳಿಯುವುದು ಸುಲಭ: ದೀಪದ ಶರೀರ, ಆಜ್ಞೆ ಬರುವ ಮಾರ್ಗ, ಆಜ್ಞೆಯ ಭಾಷೆ, ಮತ್ತು ದೀಪದ ಮೇಲಿನ ಅಧಿಕಾರ.

ಮೊದಲನೆಯದು ಶರೀರ. ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ಒತ್ತಿ ತಿರುಗಿಸುವ ‘ಬಿ ೨೨’ ಎಂಬ ಹೋಲ್ಡರು. ತಿರುಪಿನದು ‘ಇ ೨೭’. ಸ್ಮಾರ್ಟ್ ದೀಪಗಳು ಎರಡು ಬಗೆಯಲ್ಲಿಯೂ ಬರುತ್ತವೆ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ದೀಪಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಮೆರಿಕದ ವಿದ್ಯುತ್ತು ೧೨೦ ವೋಲ್ಟಿನದು, ನಮ್ಮದು ೨೩೦ ವೋಲ್ಟಿನದು. ಅಲ್ಲಿಗೆಂದು ಮಾತ್ರ ಮಾಡಿದ ಬಲ್ಬನ್ನು ಇಲ್ಲಿ ಹಾಕಿದರೆ ಅದು ಕೆಡುವುದಲ್ಲದೆ ಅಪಾಯವೂ ಆಗಬಹುದು. ಬಲ್ಬಿನ ಮೈಮೇಲೆ ಬರೆದ ವೋಲ್ಟೇಜನ್ನು ಓದಿಯೇ ಹಾಕತಕ್ಕದ್ದು.

ಎರಡನೆಯದು ಮಾರ್ಗ. ನಿಸ್ತಂತು ಆಜ್ಞೆಯು ರೇಡಿಯೋ ತರಂಗದ ಮೇಲೆ ಬರುತ್ತದೆ. ಆ ತರಂಗಗಳಲ್ಲಿ ಪಂಗಡಗಳಿವೆ. ನಮ್ಮಲ್ಲಿ ಸುಲಭವಾಗಿ ಸಿಕ್ಕುವುದು ವೈಫೈ ದೀಪ. ಇದಕ್ಕೆ ಬೇರೆ ಯಂತ್ರ ಬೇಡ. ಮನೆಯ ಇಂಟರ್ನೆಟ್ಟಿನ ರೌಟರೇ ಸಾಕು. ಆದರೆ ಇವುಗಳಲ್ಲಿ ಹೆಚ್ಚಿನವು ೨.೪ ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಕೇಳುತ್ತವೆ, ೫ ಗಿಗಾಹರ್ಟ್ಸನ್ನು ಕೇಳವು. ಮೊಬೈಲು ರೌಟರಿಗೆ ಸೇರಿದ್ದರೂ ಬಲ್ಬು ಸೇರುವುದಿಲ್ಲವೆಂಬ ದೂರಿಗೆ ಅನೇಕ ವೇಳೆ ಇದೇ ಕಾರಣ.

ಝಿಗ್‌ಬೀ ಎಂಬುದು ಇನ್ನೊಂದು ಪಂಗಡ. ಜೇನುಹುಳುಗಳು ಕುಣಿದು ಸುದ್ದಿ ಹೇಳುವ ಕ್ರಮದಿಂದ ಇದಕ್ಕೆ ಈ ಹೆಸರು ಬಂದಿತು. ಇಲ್ಲಿ ಪ್ರತಿಯೊಂದು ಬಲ್ಬೂ ತನಗೆ ಬಂದ ಆಜ್ಞೆಯನ್ನು ಮುಂದಿನ ಬಲ್ಬಿಗೆ ದಾಟಿಸುವುದರಿಂದ ದೂರದ ಕೋಣೆಗೂ ಸಂದೇಶ ಮುಟ್ಟುತ್ತದೆ. ಆದರೆ ಈ ಬಲ್ಬುಗಳಿಗೂ ಮನೆಯ ರೌಟರಿಗೂ ನಡುವೆ ದುಭಾಷಿಯೊಂದು ಬೇಕು. ಅದನ್ನು ‘ಹಬ್’ ಎಂದೂ ‘ಬ್ರಿಜ್’ ಎಂದೂ ಕರೆಯುತ್ತಾರೆ. ಅಮೆಜಾನಿನ ಎಕೋ ಯಂತ್ರಗಳಲ್ಲಿ ಕೆಲವಕ್ಕೆ ಮಾತ್ರ ಇಂಥ ಹಬ್ ಒಳಗೇ ಇರುತ್ತದೆ, ಎಲ್ಲವಕ್ಕೂ ಇಲ್ಲ. ಝೀವೇವ್ ಎಂಬ ಮೂರನೆಯ ಪಂಗಡದ ತರಂಗವು ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ ಸುಮಾರು ೯೦೮ ಮೆಗಾಹರ್ಟ್ಸ್, ಯೂರೋಪಿನಲ್ಲಿ ೮೬೮, ಭಾರತದಲ್ಲಿ ೮೬೫. ಅಮೆರಿಕಕ್ಕೆಂದು ಮಾಡಿದ ಝೀವೇವ್ ಸ್ವಿಚ್ಚು ಭಾರತದ ಹಬ್ಬಿನೊಡನೆ ಮಾತನಾಡದಿರುವುದು ಇದರಿಂದಲೇ. ಬ್ಲೂಟೂತ್ ದೀಪಗಳಿಗೆ ಹಬ್ ಬೇಡ. ಆದರೆ ಮೊಬೈಲು ಸಮೀಪದಲ್ಲಿಯೇ ಇರಬೇಕಾಗುತ್ತದೆ.

ಮೂರನೆಯದು ಭಾಷೆ. ಮಾರ್ಗ ಒಂದೇ ಆದ ಮಾತ್ರಕ್ಕೆ ಭಾಷೆ ಒಂದೇ ಎಂದು ಭಾವಿಸಕೂಡದು. ಒಂದೇ ರಸ್ತೆಯಲ್ಲಿ ಕನ್ನಡಿಗನೂ ಫ್ರೆಂಚನೂ ಎದುರಾಗಬಹುದು; ಮಾತು ಮಾತ್ರ ನಡೆಯದು. ಝಿಗ್‌ಬೀಯೂ ಥ್ರೆಡ್ ಎಂಬ ಹೊಸ ಪದ್ಧತಿಯೂ ಒಂದೇ ಬಗೆಯ ರೇಡಿಯೋವನ್ನು ಉಪಯೋಗಿಸುತ್ತವೆ; ಆದರೂ ಥ್ರೆಡ್ ದೀಪವು ಝಿಗ್‌ಬೀ ಹಬ್ಬಿಗೆ ಸೇರದು. ಝಿಗ್‌ಬೀಯಲ್ಲಿಯೇ ಹಿಂದೆ ದೀಪಗಳಿಗೊಂದು, ಗೃಹಯಂತ್ರಗಳಿಗೊಂದು ಎಂದು ಉಪಭಾಷೆಗಳಿದ್ದುವು. ಅವನ್ನು ಒಂದುಗೂಡಿಸಲು ‘ಝಿಗ್‌ಬೀ ೩.೦’ ಎಂಬ ಪರಿಷ್ಕೃತ ಕ್ರಮವು ಅನಂತರ ಬಂದಿತು. ಹಬ್ಬಿಗೆ ಬಲ್ಬು ಸೇರಿತೆಂದು, ಬಲ್ಬಿನ ಕಂಪನಿಯದೇ ಆದ ರಿಮೋಟೂ, ಮನುಷ್ಯರ ಚಲನವಲನವನ್ನು ಗ್ರಹಿಸುವ ಯಂತ್ರವೂ ಸೇರಿಯೇ ಸೇರುತ್ತವೆಂದು ನಂಬುವಂತಿಲ್ಲ. ಹತ್ತುವುದು, ಆರುವುದು, ಮಂದವಾಗುವುದು ಎಂಬ ಮೂಲ ಆಜ್ಞೆಗಳು ಎಲ್ಲೆಡೆ ನಡೆದರೂ ಆಯಾ ಕಂಪನಿಯವರ ವಿಶೇಷ ವಿನೋದಗಳು ಅವರವರ ಮನೆಯಲ್ಲಿಯೇ ಉಳಿಯುವುದುಂಟು.

ಹೆಸರನ್ನು ಮಾತ್ರ ನೋಡಿ ಕೊಂಡವರಿಗೆ ಆಗುವ ತೊಡಕಿಗೆ ಒಂದು ಉದಾಹರಣೆಯನ್ನು ಹೇಳಬಹುದು. ಫಿಲಿಪ್ಸ್ ಎಂಬ ಹೆಸರಿನಲ್ಲಿ ‘ಹ್ಯೂ’ ಎಂಬ ದೀಪವೂ ಇದೆ, ‘ವಿಝ್’ ಎಂಬ ದೀಪವೂ ಇದೆ. ೨೦೧೨ರಲ್ಲಿ ಹೊರಬಂದ ಹ್ಯೂ ಝಿಗ್‌ಬೀಯದು, ವಿಝ್ ವೈಫೈಯದು. ಡಬ್ಬಿಯ ಮೇಲೆ ಒಂದೇ ಹೆಸರಿದ್ದರೂ ಹ್ಯೂ ಬ್ರಿಜ್ ಕಳುಹಿಸುವ ಝಿಗ್‌ಬೀ ಆಜ್ಞೆಯು ವಿಝ್ ದೀಪಕ್ಕೆ ಕೇಳಿಸದು. ಇದಕ್ಕೆ ವ್ಯತಿರಿಕ್ತವಾಗಿ, ೨೦೨೨ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿ ತೆರೆದ ಐಕಿಯಾ ಕಂಪನಿಯ ‘ಟ್ರಾಡ್‌ಫ್ರಿ’ ಬಲ್ಬುಗಳು ಝಿಗ್‌ಬೀಯವಾದುದರಿಂದ, ೨೦೧೭ರಲ್ಲಿ ಆದ ಒಂದು ಪರಿಷ್ಕಾರದ ತರುವಾಯ ಪರಕೀಯವಾದ ಹ್ಯೂ ಬ್ರಿಜ್ಜಿಗೂ ಸೇರುವಂತಾದುವು. ಸಗೋತ್ರದಲ್ಲಿ ಮಾತಿಲ್ಲ, ಪರಗೋತ್ರದಲ್ಲಿ ಸ್ನೇಹ!

ನಾಲ್ಕನೆಯದಾದ ಅಧಿಕಾರವೇ ಗೃಹಸ್ಥರು ಹೆಚ್ಚಾಗಿ ಆಲೋಚಿಸಬೇಕಾದ ಅಂಶ. ದೀಪ ನಮ್ಮ ಮನೆಯದು, ವಿದ್ಯುತ್ತಿನ ಬಿಲ್ಲು ನಮ್ಮದು. ಆದರೂ ಅನೇಕ ದೀಪಗಳಲ್ಲಿ ಮೊಬೈಲಿನ ಆಜ್ಞೆಯು ದೂರದೇಶದ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಹಿಂದಿರುಗಿ ನಮ್ಮ ಪಡಸಾಲೆಯ ಬಲ್ಬನ್ನು ಹೊತ್ತಿಸುತ್ತದೆ. ಆ ಕಂಪನಿಯು ಮನಸ್ಸು ಬದಲಾಯಿಸಿದರೆ ನಮ್ಮ ಸ್ಥಿತಿಯೇನು? ಇದು ಕಲ್ಪಿತವಾದ ಭಯವಲ್ಲ. ೨೦೧೫ರ ಡಿಸೆಂಬರಿನಲ್ಲಿ ಹ್ಯೂ ಬ್ರಿಜ್ಜಿಗೆ ಕಳುಹಿಸಿದ ಒಂದು ಪರಿಷ್ಕಾರದಿಂದ ಪರಕಂಪನಿಗಳ ಬಲ್ಬುಗಳನ್ನು ಹೊಸದಾಗಿ ಸೇರಿಸಲು ಆಗದಂತಾಯಿತು; ಬಳಕೆದಾರರು ಗಟ್ಟಿಯಾಗಿ ಆಕ್ಷೇಪಿಸಲು ಕೆಲವೇ ದಿನಗಳಲ್ಲಿ ಕಂಪನಿಯು ಆ ಕ್ರಮವನ್ನು ಹಿಂತೆಗೆದುಕೊಂಡಿತು. ಗೂಗಲ್ ಬಳಗದ ನೆಸ್ಟ್ ಕಂಪನಿಯು ತಾನು ಕೊಂಡುಕೊಂಡಿದ್ದ ‘ರಿವಾಲ್ವ್’ ಎಂಬ ಹಬ್ಬಿನ ಸೇವೆಯನ್ನು ೨೦೧೬ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ಆ ಯಂತ್ರಗಳೆಲ್ಲ ನಿರುಪಯುಕ್ತವಾದುವು. ೨೦೨೨ರ ಏಪ್ರಿಲಿನಲ್ಲಿ ಅಮೆರಿಕದ ‘ಇನ್‌ಸ್ಟಿಯಾನ್’ ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದುವು. ಕೆಲವು ವಾರಗಳ ಮೇಲೆ ಅದರ ಬಳಕೆದಾರರೇ ಕಂಪನಿಯನ್ನು ಕೊಂಡು ಮತ್ತೆ ನಡೆಯಿಸಬೇಕಾಯಿತು.

ಜರ್ಮನಿಯ ಆಸ್ರಾಮ್ ಕಂಪನಿಯೂ ೨೦೨೧ರ ಆಗಸ್ಟಿನ ಕೊನೆಯಲ್ಲಿ ತನ್ನ ‘ಲೈಟಿಫೈ’ ಸರ್ವರುಗಳನ್ನು ನಿಲ್ಲಿಸಿತು. ಆದರೆ ಆ ಬಲ್ಬುಗಳು ಝಿಗ್‌ಬೀಯವು. ಆದುದರಿಂದ ಅವನ್ನು ಕೊಂಡವರು ಬೇರೆಯವರ ಹಬ್ಬಿಗೆ ಸೇರಿಸಿಕೊಂಡು ಬಳಕೆಯನ್ನು ಮುಂದುವರಿಸಲು ಅವಕಾಶವಿತ್ತು. ತಯಾರಕನು ಕೈಬಿಟ್ಟರೂ ಸಂಕೇತವು ಸಾರ್ವಜನಿಕವಾಗಿದ್ದುದು ಅವರನ್ನು ಕಾಪಾಡಿತು. ಸಂಕೇತವನ್ನು ವಿಚಾರಿಸಿರೆಂದು ಮೇಲೆ ಹೇಳಿದುದರ ಪ್ರಯೋಜನವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಈ ಗೊಂದಲವನ್ನು ಪರಿಹರಿಸುವುದಕ್ಕಾಗಿ ಆಪಲ್, ಗೂಗಲ್, ಅಮೆಜಾನ್ ಎಂಬ ಸ್ಪರ್ಧಿಗಳೂ ಝಿಗ್‌ಬೀ ಒಕ್ಕೂಟದವರೂ ೨೦೧೯ರ ಡಿಸೆಂಬರಿನಲ್ಲಿ ಒಟ್ಟುಗೂಡಿದರು. ಅವರ ಶ್ರಮದ ಫಲವಾಗಿ ‘ಮ್ಯಾಟರ್’ ಎಂಬ ಸಮಾನ ಭಾಷೆಯು ೨೦೨೨ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಇದು ವೈಫೈ ಮೇಲೂ, ಥ್ರೆಡ್ ಮೇಲೂ ನಡೆಯುತ್ತದೆ. ಇದರ ಎರಡು ಗುಣಗಳು ಸ್ಮರಣೀಯ. ಮನೆಯೊಳಗಿನ ಆಜ್ಞೆಯು ಮನೆಯೊಳಗೇ ದೀಪವನ್ನು ಮುಟ್ಟಬಲ್ಲುದು. ದೂರದ ಸರ್ವರಿನ ಹಂಗು ಬೇಕಿಲ್ಲ. ಅಲ್ಲದೆ ಒಂದೇ ದೀಪವು ಏಕಕಾಲದಲ್ಲಿ ಹಲವು ಒಡೆಯರಿಗೆ ವಿಧೇಯವಾಗಿರಬಲ್ಲುದು. ಮಗನ ಆಪಲ್ ಫೋನೂ ಸೊಸೆಯ ಆ್ಯಂಡ್ರಾಯ್ಡ್ ಫೋನೂ ಒಂದೇ ದೀಪವನ್ನು ನಡೆಯಿಸಬಹುದು.

ಆದರೂ ಮ್ಯಾಟರ್ ಎಂಬ ಮುದ್ರೆಯನ್ನು ಕಂಡೊಡನೆ ಎಲ್ಲ ಸಂಶಯಗಳನ್ನೂ ಬಿಡಲಾಗದು. ಮ್ಯಾಟರ್ ದೀಪವನ್ನು ಸೇರಿಸಿಕೊಳ್ಳಲು ಆ ಭಾಷೆಯನ್ನು ಬಲ್ಲ ನಿಯಂತ್ರಕವೊಂದು ಮನೆಯಲ್ಲಿರಬೇಕು. ದೀಪವು ಥ್ರೆಡ್ ಬಗೆಯದಾದರೆ ‘ಥ್ರೆಡ್ ಬಾರ್ಡರ್ ರೌಟರ್’ ಎಂಬ ಯಂತ್ರವೂ ಬೇಕು. ಸಾಮಾನ್ಯ ವೈಫೈ ರೌಟರು ಈ ಕೆಲಸಕ್ಕೆ ಸಾಲದು. ಮನೆಯಲ್ಲಿ ಈಗಾಗಲೇ ಇರುವ ಝಿಗ್‌ಬೀ ಬಲ್ಬು ತಾನಾಗಿ ಮ್ಯಾಟರ್ ಕಲಿಯದು. ಅದರ ಬ್ರಿಜ್ ಕಲಿತರೆ ಅದರ ಮೂಲಕ ಉಳಿದವರೊಡನೆ ವ್ಯವಹರಿಸಬಹುದು. ಹ್ಯೂ ಬ್ರಿಜ್ಜಿಗೆ ಈ ಶಕ್ತಿಯು ೨೦೨೩ರಲ್ಲಿ ಬಂದಿತು. ಮತ್ತೊಂದು ಸೂಚನೆ: ಮ್ಯಾಟರ್ ದೀಪದೊಡನೆ ಹನ್ನೊಂದು ಅಂಕಿಗಳ ಸಂಖ್ಯೆಯೂ ಚೌಕ ಚಿತ್ರವೂ ಇರುತ್ತವೆ. ದೀಪವನ್ನು ಸೇರಿಸಲು ಅದೇ ಬೀಗದ ಕೈ. ಬಲ್ಬನ್ನು ಸೂರಿಗೇರಿಸಿದ ಮೇಲೆ ಅದನ್ನು ಓದುವುದು ಕಷ್ಟ. ಆದುದರಿಂದ ಮೊದಲೇ ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

ಇನ್ನು ನಮ್ಮ ಮನೆಗಳ ರೂಢಿಗೆ ಸಂಬಂಧಿಸಿದ ಮಾತು. ಗೋಡೆಯ ಸ್ವಿಚ್ಚನ್ನು ಆರಿಸುವುದು ನಮಗೆ ಬಾಲ್ಯದಿಂದ ಬಂದ ಸಂಸ್ಕಾರ. ಸ್ಮಾರ್ಟ್ ಬಲ್ಬಿನ ಸ್ವಿಚ್ಚನ್ನು ಆರಿಸಿದರೆ ಅದಕ್ಕೆ ಪ್ರಾಣವೇ ಇಲ್ಲದಂತಾಗಿ ಯಾವ ಆಜ್ಞೆಯನ್ನೂ ಕೇಳದು. ಝಿಗ್‌ಬೀಯದಾದರೆ ಅದರ ಮೂಲಕ ಸಂದೇಶ ಪಡೆಯುತ್ತಿದ್ದ ಆಚೆಯ ಬಲ್ಬಿಗೂ ತೊಂದರೆಯಾಗಬಹುದು. ವಿದ್ಯುತ್ತು ಹೋಗಿ ಮಧ್ಯರಾತ್ರಿಯಲ್ಲಿ ಬಂದಾಗ ಕೆಲವು ಬಲ್ಬುಗಳು ತಾವಾಗಿಯೇ ಪೂರ್ಣಪ್ರಕಾಶದಿಂದ ಹತ್ತಿ ಮಲಗಿದವರನ್ನು ಎಬ್ಬಿಸುವುದುಂಟು. ಹೀಗಾಗದಂತೆ ಗೊತ್ತುಮಾಡುವ ಅನುಕೂಲವು ಕೆಲವು ಬಲ್ಬುಗಳಲ್ಲಿದೆ, ವಿಚಾರಿಸಿ ಕೊಳ್ಳಬೇಕು. ಬಲ್ಬುಗಳಿಗೆ ಇನ್ವರ್ಟರಿನ ಆಧಾರವಿದ್ದರೂ ರೌಟರಿಗೂ ಹಬ್ಬಿಗೂ ಇಲ್ಲದಿದ್ದರೆ ನಿಸ್ತಂತು ಆಜ್ಞೆ ನಡೆಯದು. ರೌಟರನ್ನು ಬದಲಾಯಿಸುವಾಗ ವೈಫೈಯ ಹಳೆಯ ಹೆಸರನ್ನೂ ಗುಪ್ತಪದವನ್ನೂ ಹಾಗೆಯೇ ಇಟ್ಟರೆ ಸಾಮಾನ್ಯವಾಗಿ ಪ್ರತಿಯೊಂದು ವೈಫೈ ಬಲ್ಬಿಗೂ ಮತ್ತೆ ಪಾಠ ಹೇಳುವ ಶ್ರಮ ತಪ್ಪುತ್ತದೆ.

ವೃದ್ಧರೂ ಮಕ್ಕಳೂ ಕೆಲಸದವರೂ ಓಡಾಡುವ ಮನೆಯಲ್ಲಿ ಬಲ್ಬಿನ ಬದಲು ಸ್ವಿಚ್ಚನ್ನೇ ಸ್ಮಾರ್ಟ್ ಮಾಡುವುದು ಅನೇಕ ವೇಳೆ ಮೇಲು. ಆಗ ಬಲ್ಬು ಸಾಮಾನ್ಯವಾದುದೇ ಇರುತ್ತದೆ. ಕೈಯಿಂದ ಒತ್ತಿದರೂ ಹತ್ತುತ್ತದೆ, ಮೊಬೈಲಿನಿಂದಲೂ ಹತ್ತುತ್ತದೆ. ಇಂಟರ್ನೆಟ್ಟು ನಿಂತರೂ ಕೈಗೆ ಕೆಲಸವಿದೆ. ಆದರೆ ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವಕ್ಕೆ ಸ್ವಿಚ್‌ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಬೇಕು. ಹಳೆಯ ಮನೆಗಳ ಬೋರ್ಡಿನಲ್ಲಿ ಅದು ಇಲ್ಲದಿರುವುದುಂಟು. ತಿಳಿದ ಎಲೆಕ್ಟ್ರಿಷಿಯನ್ನನಿಗೆ ತೋರಿಸಿ ಮುಂದುವರಿಯುವುದು ಯುಕ್ತ.

ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳನ್ನು ಸಂಗ್ರಹವಾಗಿ ಹೇಳುವೆನು. ಇದು ನಮ್ಮ ಹೋಲ್ಡರಿಗೂ ವೋಲ್ಟೇಜಿಗೂ ತಕ್ಕುದೇ? ಇದರ ಮಾರ್ಗ ಯಾವುದು: ವೈಫೈಯೋ, ಝಿಗ್‌ಬೀಯೋ, ಥ್ರೆಡ್ಡೋ, ಬ್ಲೂಟೂತೋ? ಇದಕ್ಕೆ ಬೇಕಾದ ಹಬ್ ಮನೆಯಲ್ಲಿದೆಯೇ, ಹೊಸದಾಗಿ ಕೊಳ್ಳಬೇಕೇ? ಇಂಟರ್ನೆಟ್ಟು ಇಲ್ಲದಾಗಲೂ ಮನೆಯೊಳಗೆ ಇದು ಮಾತು ಕೇಳುವುದೇ? ಈ ಕಂಪನಿಯೇ ನಾಳೆ ಇಲ್ಲವಾದರೆ ಬೇರೆಯವರ ಹಬ್ಬಿಗೆ ಇದನ್ನು ಸೇರಿಸಬಹುದೇ? ಉತ್ತರಗಳು ತೃಪ್ತಿಕರವಾಗಿದ್ದರೂ ಮೊದಲು ಒಂದೇ ಬಲ್ಬನ್ನು ತಂದು ಒಂದು ತಿಂಗಳು ನೋಡಿ, ಅನಂತರ ಮನೆಗೆಲ್ಲ ಹಾಕಿಸುವುದು ವಿವೇಕ. ಮೂರು ಕಂಪನಿಗಳ ದೀಪಗಳನ್ನು ತಂದು ಮೊಬೈಲಿನಲ್ಲಿ ಮೂರು ಆ್ಯಪುಗಳನ್ನು ಇಟ್ಟುಕೊಂಡು ದೇವರ ಮನೆಯ ದೀಪ ಯಾವುದರಲ್ಲಿದೆಯೆಂದು ಹುಡುಕುವ ಕಷ್ಟವು ಇದರಿಂದ ತಪ್ಪುವುದು.

ನೂತನ ವಸ್ತುವೆಂದು ತಿರಸ್ಕರಿಸುವುದೂ, ನೂತನವೆಂದೇ ಸ್ವೀಕರಿಸುವುದೂ ಎರಡೂ ಸರಿಯಲ್ಲ. ಅಳತೆಯಲ್ಲಿ ಏಕಮತರಾಗಿದ್ದುದರಿಂದ ಹಿಂದಿನ ತಯಾರಕರ ಬಲ್ಬು ಊರೂರಿನ ಗುಡಿಸಲಿಗೂ ಹೋಯಿತು. ಭಾಷೆಯಲ್ಲಿ ಏಕಮತರಾದರೆ ಇಂದಿನವರ ದೀಪಕ್ಕೂ ಅದೇ ಯೋಗ್ಯತೆ ಬಂದೀತು. ಸಂಕೇತವನ್ನು ವಿಚಾರಿಸಿ ಕೊಳ್ಳುವ ಗೃಹಸ್ಥರು ಹೆಚ್ಚಿದಷ್ಟೂ ಆ ಐಕಮತ್ಯವು ಬೇಗ ಬರುವುದು. ಅಲ್ಲಿಯವರೆಗೆ ಗೋಡೆಯ ಮೇಲೆ ಕೈಗೆಟಕುವಂತೆ ಒಂದು ಸಾಮಾನ್ಯ ಸ್ವಿಚ್ಚನ್ನು ಎಲ್ಲರೂ ಉಳಿಸಿಕೊಂಡಿರುವುದು ಒಳ್ಳೆಯದು.