ಇಸ್ಪೇಟಿನ ಎಂಟು ಬಿದ್ದಾಗ

ಮೇಜಿನ ಒಂದು ಬದಿಯಲ್ಲಿ ಸ್ಯಾಮಿ ಫರ್ಹಾ. ಲೆಬನಾನಿನ ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ದೊಡ್ಡ ಮೊತ್ತದ ಪೋಕರ್ ಆಟವನ್ನೇ ಕಸುಬಾಗಿಸಿಕೊಂಡವರು. ತುಟಿಯಲ್ಲಿ ಸದಾ ಒಂದು ಸಿಗರೇಟು. ಅದಕ್ಕೆ ಬೆಂಕಿ ಮಾತ್ರ ತಾಗಿಸುವುದಿಲ್ಲ. ಎದುರಿಗೆ ಕ್ರಿಸ್ ಮನಿಮೇಕರ್, ಟೆನೆಸೀ ರಾಜ್ಯದ 27 ವರ್ಷದ ಅಕೌಂಟೆಂಟ್. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ನೂರು ಡಾಲರಿಗೂ ಕಡಿಮೆ ಕಟ್ಟಿ ಅಂತರ್ಜಾಲದ ಅರ್ಹತಾ ಪಂದ್ಯ ಗೆದ್ದು, 10,000 ಡಾಲರ್ ಪ್ರವೇಶ ಶುಲ್ಕದ ಟೂರ್ನಿಗೆ ಬಂದಿದ್ದರು. ಅಂತರ್ಜಾಲದಲ್ಲಲ್ಲದೆ ಮೇಜಿನ ಮುಂದೆ ಕೂತು ಅವರು ಟೂರ್ನಿ ಆಡುತ್ತಿದ್ದುದು ಅದೇ ಮೊದಲು.

2003ರ ಮೇ ತಿಂಗಳು, ಲಾಸ್ ವೇಗಾಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ. 839 ಮಂದಿಯಲ್ಲಿ ಉಳಿದವರು ಇವರಿಬ್ಬರೇ. ಗೆದ್ದವರಿಗೆ 25 ಲಕ್ಷ ಡಾಲರ್, ಸೋತವರಿಗೆ 13 ಲಕ್ಷ. ಅಂತಿಮ ಹಣಾಹಣಿಗೆ ಮುಂಚೆ ಬಹುಮಾನವನ್ನು ಹಂಚಿಕೊಳ್ಳೋಣವೇ ಎಂದು ಮನಿಮೇಕರ್ ಕೇಳಿದ್ದರು. ಫರ್ಹಾ ಒಪ್ಪಲಿಲ್ಲ. ಅನುಭವಿಯ ಲೆಕ್ಕದಲ್ಲಿ ಅದು ಸರಿಯೇ ಇತ್ತು.

ಆಟ ಕಷ್ಟದ್ದೇನಲ್ಲ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ನಡುವೆ ತೆರೆದುಕೊಳ್ಳುತ್ತವೆ: ಮೊದಲು ಮೂರು, ನಂತರ ಒಂದು, ಕಡೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಬಾಜಿ ಕಟ್ಟಬಹುದು. ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವರು ಗೆದ್ದಂತೆ. ಅದಕ್ಕೂ ಮುಂಚೆ ಎದುರಾಳಿ ಎಲೆ ಕೆಳಗಿಟ್ಟುಬಿಟ್ಟರೆ ಯಾರ ಕೈಯಲ್ಲಿ ಏನಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಇಲ್ಲದ ಎಲೆಯನ್ನು ಇದೆಯೆಂದು ನಂಬಿಸುವ ಬ್ಲಫ್ ಹುಟ್ಟುವುದು ಈ ಸಂದಿಯಲ್ಲಿ.

ಆ ಹಣಾಹಣಿಯ ಒಂದು ಸುತ್ತಿನಲ್ಲಿ, ಆಟಗಾರರ ಮಾತಿನಲ್ಲಿ ಒಂದು ಕೈಯಲ್ಲಿ, ಮನಿಮೇಕರ್‌ಗೆ ಬಂದದ್ದು ಇಸ್ಪೇಟಿನ ರಾಜ, ಆಟೀನಿನ ಏಳು. ಫರ್ಹಾಗೆ ಇಸ್ಪೇಟಿನ ರಾಣಿ, ಆಟೀನಿನ ಒಂಬತ್ತು. ಮೊದಲ ಮೂರು ಎಲೆ: ಇಸ್ಪೇಟಿನ ಒಂಬತ್ತು, ಡೈಮಂಡಿನ ಎರಡು, ಇಸ್ಪೇಟಿನ ಆರು. ಫರ್ಹಾಗೆ ಒಂಬತ್ತರ ಜೋಡಿ ಕೂಡಿತು. ಮನಿಮೇಕರ್‌ಗೆ ಏನೂ ಇಲ್ಲ. ಇಬ್ಬರೂ ಸುಮ್ಮನೆ ಮುಂದಕ್ಕೆ ಬಿಟ್ಟರು. ನಾಲ್ಕನೆಯ ಎಲೆಯಾಗಿ ಬಿತ್ತು ಇಸ್ಪೇಟಿನ ಎಂಟು.

ಫರ್ಹಾ 3 ಲಕ್ಷ ಚಿಪ್ ಕಟ್ಟಿದರು. ಮನಿಮೇಕರ್ ಅದನ್ನು 8 ಲಕ್ಷಕ್ಕೆ ಏರಿಸಿದರು. ಫರ್ಹಾ ಸರಿಗಟ್ಟಿದರು. ಕೊನೆಯ ಎಲೆ ಆಟೀನಿನ ಮೂರು, ಯಾರಿಗೂ ಪ್ರಯೋಜನಕ್ಕೆ ಬಾರದ್ದು. ಫರ್ಹಾ ಬಾಜಿ ಕಟ್ಟದೆ ಸರದಿ ದಾಟಿಸಿದರು. ಮನಿಮೇಕರ್ ಆಲ್ ಇನ್ ಎಂದರು, ಅಂದರೆ ಇದ್ದ ಚಿಪ್‌ಗಳನ್ನೆಲ್ಲ ಪಣಕ್ಕೊಡ್ಡಿದರು. ಅವರ ಕೈಯಲ್ಲಿದ್ದುದು ಒಂದು ಒಂಟಿ ರಾಜ, ಅಷ್ಟೇ.

ಯುಗಾದಿಯಂದು ನಮ್ಮ ಹಳ್ಳಿಗಳಲ್ಲಿ ಎಲೆಯಾಟಕ್ಕೆ ಕೂರುವವರಿಗೆ ಪದೇಪದೇ ಬಾಜಿ ಏರಿಸುವ ಫರ್ಹಾ ತರಹದ ಆಟಗಾರ ಹೊಸಬನಲ್ಲ. ಮೂರೆಲೆ ಆಟದಲ್ಲಿ ಎಲೆ ನೋಡದೆ ಬ್ಲೈಂಡ್ ಏರಿಸುತ್ತಲೇ ಹೋಗಿ, ನಡುಮಟ್ಟದ ಎಲೆ ಹಿಡಿದವರನ್ನೆಲ್ಲ ಎಬ್ಬಿಸಿಬಿಡುವವನು ಪ್ರತಿ ಜಗುಲಿಯಲ್ಲೂ ಒಬ್ಬನಿರುತ್ತಾನೆ. ಅವನೆದುರು ಉಳಿದವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಹೆದರಿ ಒಳ್ಳೆಯ ಎಲೆಯನ್ನೂ ಇಟ್ಟುಬಿಡುವುದು. ಇನ್ನೊಂದು, ರೋಷಕ್ಕೆ ಬಿದ್ದು ಏನೂ ಇಲ್ಲದೆ ಮೇಲೆ ಬೀಳುವುದು. ಎರಡನೆಯದೇ ಹೆಚ್ಚು ದುಬಾರಿ.

ಪದೇಪದೇ ಬಾಜಿ ಕಟ್ಟುವವನ ಕೈ ಪ್ರತಿಸಲವೂ ಬಲವಾಗಿರಲು ಸಾಧ್ಯವಿಲ್ಲ, ಎಲೆಗಳ ಲೆಕ್ಕವೇ ಅದಕ್ಕೆ ಆಸ್ಪದ ಕೊಡುವುದಿಲ್ಲ. ಹಾಗಾಗಿ ಅವನನ್ನು ಹೆದರಿಸುವ ಅವಕಾಶಗಳು ನಿಜವಾಗಿಯೂ ಜಾಸ್ತಿ. ಆದರೆ ಸ್ವತಃ ಬ್ಲಫ್ ಮಾಡುವವನು ಇತರರೂ ಹಾಗೆಯೇ ಎಂದುಕೊಳ್ಳುತ್ತಾನೆ. ಅನುಮಾನ ಬಂದರೆ ಸಣ್ಣ ಜೋಡಿ ಹಿಡಿದೂ ಸರಿಗಟ್ಟುತ್ತಾನೆ. ಏರಿಸಿ ಏರಿಸಿ, ತಿರುಗಿ ಏಟು ಬಿದ್ದಾಗ ಹಿಂದೆ ಸರಿಯುವವನ ಮೇಲೆ ಬ್ಲಫ್ ನಡೆಯುತ್ತದೆ. ಹಿಡಿದ ಎಲೆ ಬಿಡುವುದೇ ಅವಮಾನ ಎಂದುಕೊಂಡವನ ಮೇಲೆ ನಡೆಯುವುದಿಲ್ಲ. ಎದುರಿಗಿರುವವನು ಈ ಇಬ್ಬರಲ್ಲಿ ಯಾರು ಎಂದು ಗುರುತಿಸುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ. ಫರ್ಹಾ ಯೋಚಿಸಿ ಎಲೆ ಬಿಡಬಲ್ಲ ಆಟಗಾರ, ಎದುರಿನವರ ಕಥೆಯನ್ನು ಓದಬಲ್ಲವರು. ಅಂಥವರಿಗೆ ಹೇಳುವ ಕಥೆಯಲ್ಲಿ ಎಲ್ಲೂ ಬಿರುಕಿರಬಾರದು.

ಮನಿಮೇಕರ್ ಹೇಳಿದ ಕಥೆ ಹೇಗಿತ್ತೆಂದರೆ: ಮೇಜಿನ ಮೇಲೆ ಎರಡು ಇಸ್ಪೇಟು ಇದ್ದಾಗ ಸುಮ್ಮನಿದ್ದರು, ಮೂರನೆಯದು ಬಿದ್ದೊಡನೆ ಏರಿಸಿದರು, ಕೊನೆಗೆ ಇದ್ದಬದ್ದದ್ದನ್ನೆಲ್ಲ ಮುಂದಿಟ್ಟರು. ಕೈಯಲ್ಲಿ ಎರಡು ಇಸ್ಪೇಟು ಇಟ್ಟುಕೊಂಡು ಕಲರ್ (ಒಂದೇ ಜಾತಿಯ ಐದು ಎಲೆ) ಕೂಡಿಸಿಕೊಂಡವನು ಹೀಗೆಯೇ ಆಡುತ್ತಾನೆ. ಆರು, ಎಂಟು, ಒಂಬತ್ತು ಮೇಜಿನ ಮೇಲಿದ್ದುದರಿಂದ ಸೀಕ್ವೆನ್ಸ್‌ನ, ಅಂದರೆ ಸಾಲಾಗಿ ಬರುವ ಐದು ಎಲೆಗಳ, ಭಯವೂ ಇತ್ತು.

ಆ ಏರಿಕೆ ಪೂರ್ತಿ ಹುಸಿಯೂ ಆಗಿರಲಿಲ್ಲ. ಎಂಟು ಬಿದ್ದಾಗ ಮನಿಮೇಕರ್‌ಗೆ ಕಾಣದ 46 ಎಲೆಗಳಲ್ಲಿ 15 ಎಲೆ ಅವರಿಗೆ ಕಲರನ್ನೋ ಸೀಕ್ವೆನ್ಸನ್ನೋ ತಂದುಕೊಡುತ್ತಿದ್ದವು, ಸುಮಾರು ಮೂರರಲ್ಲೊಂದು ಪಾಲು. ಎದುರಾಳಿ ಆಗಲೇ ಎಲೆ ಬಿಟ್ಟರೂ ಲಾಭ, ಬಿಡದಿದ್ದರೂ ಗೆಲ್ಲುವ ದಾರಿ ಇತ್ತು. ಇದನ್ನು ಆಟಗಾರರು ಸೆಮಿ ಬ್ಲಫ್ ಎನ್ನುತ್ತಾರೆ. ಅಲ್ಲದೆ ಇಸ್ಪೇಟಿನ ರಾಜ ತಮ್ಮ ಬಳಿಯೇ ಇದ್ದುದರಿಂದ ಫರ್ಹಾ ಬಳಿ ದೊಡ್ಡ ಕಲರ್ ಇರುವ ಸಂಭವವೂ ತಗ್ಗಿತ್ತು. ಬರಿಗೈಯ ಬ್ಲಫ್‌ಗೂ ಎಲೆ ಆರಿಸಿಕೊಳ್ಳಬೇಕು ಎಂಬುದು ಇಂಥ ಕಾರಣಕ್ಕೆ.

ಬ್ಲಫ್ ಧೈರ್ಯಸ್ಥರ ಹುಚ್ಚಾಟವೆಂಬ ಭಾವನೆ ಬಹಳ ಮಂದಿಗಿದೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಹಾಗೆ ಭಾವಿಸಲಿಲ್ಲ. ಆಸ್ಕರ್ ಮೋರ್ಗನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಅವರು ಪೋಕರ್‌ನ ಸರಳ ಮಾದರಿಯೊಂದನ್ನು ಬಿಡಿಸಿ ತೋರಿಸಿದರು. ಅದರ ಪ್ರಕಾರ ದೊಡ್ಡ ಬಾಜಿ ಕಟ್ಟಬೇಕಾದದ್ದು ತೀರ ಒಳ್ಳೆಯ ಎಲೆಗಳಿಗೆ, ಜೊತೆಗೆ ಒಂದಷ್ಟು ಸಲ ತೀರ ಕೆಟ್ಟ ಎಲೆಗಳಿಗೆ. ನಡುಮಟ್ಟದವಕ್ಕೆ ಅಲ್ಲ. ನಡುಮಟ್ಟದ ಎಲೆ ಸುಮ್ಮನಿದ್ದರೂ ಗೆಲ್ಲಬಹುದು, ಒಂಟಿ ರಾಜನಿಗೆ ಆ ಭಾಗ್ಯವಿಲ್ಲ. ಮೇಜಿನ ನಡುವೆ ಸೇರಿರುವ ಮೊತ್ತಕ್ಕೆ, ಅಂದರೆ ಪಾಟ್‌ಗೆ, ಸಮನಾದ ಬಾಜಿ ಕಟ್ಟಿದ ಬ್ಲಫ್ ನಷ್ಟವಾಗದಿರಬೇಕಾದರೆ ಎರಡರಲ್ಲಿ ಒಂದು ಸಲವಾದರೂ ಫಲಿಸಬೇಕು. ಮನಿಮೇಕರ್ ಒಡ್ಡಿದ್ದು ಪಾಟ್‌ಗಿಂತ ದೊಡ್ಡ ಮೊತ್ತ. ಅರ್ಧಕ್ಕಿಂತ ಹೆಚ್ಚು ಸಲ ಫಲಿಸಿದರೆ ಮಾತ್ರ ಅದು ಸರಿಯಾದ ನಡೆ.

ಟೂರ್ನಿಯಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಚಿಪ್ ಮುಗಿದರೆ ಜೇಬಿನಿಂದ ಹಣ ತೆಗೆದು ಮತ್ತೆ ಕೂರುವಂತಿಲ್ಲ. ಮನಿಮೇಕರ್ ಬಳಿ ತುಸು ಹೆಚ್ಚು ಚಿಪ್ ಇತ್ತು. ಸರಿಗಟ್ಟಿ ಸೋತರೆ ಫರ್ಹಾ ಆಟ ಅಲ್ಲಿಗೇ ಮುಗಿಯುತ್ತಿತ್ತು. ಮನಿಮೇಕರ್ ಸೋತಿದ್ದರೆ ಸಣ್ಣ ಗುಡ್ಡೆಯಾದರೂ ಉಳಿಯುತ್ತಿತ್ತು. ಒಂದೇ ಬಾಜಿ, ಇಬ್ಬರ ಹೆಗಲ ಮೇಲೂ ಒಂದೇ ತೂಕವಿರಲಿಲ್ಲ.

ಫರ್ಹಾ ಬಹಳ ಹೊತ್ತು ಯೋಚಿಸಿದರು. ಕಲರ್ ಕೈತಪ್ಪಿರಬೇಕು, ಅಲ್ಲವೇ ಎಂದು ಕೇಳಿಯೂ ಕೇಳಿದರು. ಊಹೆ ನೂರಕ್ಕೆ ನೂರು ಸರಿ. ಮನಿಮೇಕರ್ ಮಿಸುಕಲಿಲ್ಲ, ಮಾತಾಡಲಿಲ್ಲ. ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡೇ ಫರ್ಹಾ ಎಲೆ ಕೆಳಗಿಟ್ಟರು.

ಟಿವಿ ನೋಡುಗರಿಗೆ ಇಬ್ಬರ ಎಲೆಗಳೂ ಕಾಣುತ್ತಿದ್ದವು. ನಾಜಿ ಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಆಟಿಕೆಗಳ ಸಂಶೋಧಕರಾದ ಹೆನ್ರಿ ಓರೆನ್‌ಸ್ಟೀನ್ ಪೇಟೆಂಟ್ ಪಡೆದಿದ್ದ, ಮುಚ್ಚಿದ ಎಲೆ ತೋರಿಸುವ ಪುಟ್ಟ ಕ್ಯಾಮೆರಾ ಇಲ್ಲದಿದ್ದರೆ ಈ ಕೈ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಇದು ಶತಮಾನದ ಬ್ಲಫ್ ಎಂದರು ಇಎಸ್‌ಪಿಎನ್ ವೀಕ್ಷಕ ವಿವರಣೆಗಾರ ನಾರ್ಮನ್ ಚಾಡ್. ಶತಮಾನಕ್ಕೆ ಆಗಿನ್ನೂ ಮೂರು ವರ್ಷ.

ಮೇಲೆ ಬೀಳುವವನನ್ನು ಮಣಿಸಲು ಬ್ಲಫ್ ಒಂದೇ ದಾರಿಯೇನಲ್ಲ. ಇದೇ ಪಂದ್ಯದ 1988ರ ಫೈನಲ್‌ನಲ್ಲಿ ಜಾನಿ ಚಾನ್‌ಗೆ ಮೊದಲ ಮೂರು ಎಲೆಗಳಲ್ಲೇ ಸೀಕ್ವೆನ್ಸ್ ಕೂಡಿತ್ತು. ಅವರು ಏನೂ ಇಲ್ಲದವರಂತೆ ಕೂತರು. ರಾಣಿಯ ಜೋಡಿ ಹಿಡಿದಿದ್ದ ಎರಿಕ್ ಸೈಡೆಲ್ ಇದ್ದದ್ದನ್ನೆಲ್ಲ ತಾವಾಗಿಯೇ ಮುಂದೆ ತಳ್ಳಿ ಸೋತರು. ಹೆಚ್ಚಿನ ಆಟಗಾರರಿಗೆ, ಹೆಚ್ಚಿನ ಸಲ, ಚಾನ್ ಹಿಡಿದ ದಾರಿಯೇ ಕ್ಷೇಮ. ಬ್ಲಫ್‌ಗೆ ಮನಿಮೇಕರ್‌ಗೆ ಸಿಕ್ಕಂಥ ಎಲೆ, ಎದುರಾಳಿ, ಚಿಪ್ ಗುಡ್ಡೆ ಮೂರೂ ಒಟ್ಟಿಗೆ ಕೂಡಿಬರಬೇಕು.

ಫರ್ಹಾ ಸ್ವಲ್ಪ ಹೊತ್ತಿನಲ್ಲೇ ಸೋತರು. ಮರುವರ್ಷ ಆ ಪಂದ್ಯಕ್ಕೆ 2,576 ಮಂದಿ ಬಂದರು, 2006ರಲ್ಲಿ 8,773. ಆ ಕೈಯ ವಿಡಿಯೊ ಈಗಲೂ ನೋಡಲು ಸಿಗುತ್ತದೆ. ನೋಡುವವರು ಕೊನೆಯ ಆಲ್ ಇನ್‌ಗೆ ಕಾಯದೆ, ಇಸ್ಪೇಟಿನ ಎಂಟು ಬೀಳುವಲ್ಲಿಂದಲೇ ಮನಿಮೇಕರ್ ಕೈಗಳನ್ನು ಗಮನಿಸಬೇಕು. ಬ್ಲಫ್ ಶುರುವಾಗಿದ್ದು ಅಲ್ಲಿ.